ಜವರಪ್ಪನವರ ಹಲ್ಲು

೧೧ ಫೆಬ್ರವರಿ ೧೯೬೩, ಸೋಮವಾರ

ಪಕ್ಕದ ಮನೆಯ ಜವರಪ್ಪನವರ ಕಟ್ಟಿಸಿದ ಹಲ್ಲು ಮುರಿದಿದೆ. ಸಂಜೆಯಿಂದ ನನಗೆ ಹಾಲು ಕುಡಿದಷ್ಟು ಸಂತೋಷ.

ಅದನ್ನು ಕಟ್ಟಿಕೊಟ್ಟವರು ನಮ್ಮ ಬೀದಿಯ ಚೀನೀ ದಂತವೈದ್ಯ ಲಿಯು. ನನಗೆ ಚೀನೀ ಭಾಷೆ ಕಲಿಸುತ್ತಿದ್ದವರೂ ಅವರೇ. "ನಮ್ಮಲ್ಲೂ ನಿಮ್ಮಂಗೇ ಅಮ್ಮ, ‘ಯಾರಿಗೆ ಗೊತ್ತು’ ಅಂದ್ರೆ ಯಾರಿಗೂ ಗೊತ್ತಿಲ್ಲ ಅಂತ," ಎನ್ನುತ್ತಿದ್ದರು.

ಚೀನಾ ಯುದ್ಧದ ಸಮಯದಲ್ಲಿ, ಚೀನೀಯರೆಂಬ ಕಾರಣಕ್ಕೆ ಪೊಲೀಸರು ಅವರನ್ನು ಕರೆದೊಯ್ಯಲು ಬಂದಾಗ, ಒಳ್ಳೆಯವರೆಂದು ಒಂದು ಮಾತು ಹೇಳಿ ಎಂದು ಜವರಪ್ಪನವರಿಗೆ ಕೈ ಮುಗಿದೆ. ಅದೇ ಹಲ್ಲು ಕಿರಿದು, "ನಂಗೇನ್ ಗೊತ್ತು ಕಣಮ್ಮ?" ಅಂದರು. ಲಿಯು ಅವರನ್ನು ಕರೆದೊಯ್ದರು.

ಇವತ್ತು ಬಾಯಿಗೆ ಟವೆಲ್ ಒತ್ತಿಕೊಂಡು ಬಂದರು. "ಇದನ್ನ ಇನ್ಯಾರು ಸರಿ ಮಾಡ್ತಾರಮ್ಮ?"

"ಯಾರಿಗ್ ಗೊತ್ತು?" ಎಂದೆ.

ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೇ? ಕೂರಿಸಿ, ಗಟ್ಟಿ ಚಕ್ಕುಲಿ ತಂದು ಮುಂದಿಟ್ಟೆ.