ಇಗ್ನಾಟನ ಹಬ್ಬಕ್ಕೆ ಮೊದಲು ಬಂದವನು

ಗೋರ್ನಿ ಡಾಬ್, ಬಲ್ಗೇರಿಯ
ಡಿಸೆಂಬರ್ ೨೧

ಅಕ್ಕರೆಯ ಅಮ್ಮಾ,

ಮಂಡಿನೋವು ಹೇಗಿದೆ? ನೀನು ಕೆಲಸಕ್ಕಿರುವ ಇಟಲಿಯ ಬೊಲೋನ್ಯದ ಆ ಮುದುಕಿಯನ್ನು ಒಬ್ಬಳೇ ಎತ್ತಲು ಹೋಗಬೇಡ, ಆಕೆಯ ಮಗನನ್ನು ಕರೆ. ನಿನ್ನನ್ನು ಇಟ್ಟುಕೊಂಡಿರುವುದು ನೋಡಿಕೊಳ್ಳಲು, ಹೊರಲು ಅಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿದ್ದೆ ಬರುತ್ತಿಲ್ಲ.

ನಾಟಕದಲ್ಲಿ ಬರೀ ಸೇವಕನ ವೇಷ ಹಾಕಿದವನಿಗೆ ಸಿನಿಮಾದಲ್ಲಿ ದೊಡ್ಡ ಪಾತ್ರ ಸಿಕ್ಕಿದೆಯೆಂದು ನೀನು ಹಿಗ್ಗಿದ್ದೆ. ಸಿಕ್ಕಿರುವುದು ನಮ್ಮೂರಲ್ಲೇ ಏಳು ಹೆಂಗಸರನ್ನು ಕೊಂದ ಗ್ಲಾವೆವ್‌ನ ಪಾತ್ರ. ಅವನ ಹಾಗೇ ಮೀಸೆ ಬಿಟ್ಟಿದ್ದೇನೆ. ಬೇಕರಿಯವಳು ಈಗ ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಡುತ್ತಾಳೆ. ನನ್ನ ಕಾಲ್ಗುಣ ಒಳ್ಳೆಯದೆಂದು ಪ್ರತಿ ವರ್ಷ ಇಗ್ನಾಟನ ಹಬ್ಬದ ಬೆಳಿಗ್ಗೆ ಮೊದಲ ಅತಿಥಿಯಾಗಿ ಕರೆದು, ತಲೆಗೆ ಗೋಧಿ ಎರಚಿ, ಒಲೆಯ ಪಕ್ಕ ಕೂರಿಸುತ್ತಿದ್ದ ಬೀದಿ ಇದು. ನಿನ್ನೆ ಹಬ್ಬದ ಬೆಳಿಗ್ಗೆ ನಾನು ಹೊರಗೆ ಬಂದದ್ದೇ ತಡ, ಕದಗಳು ಮುಚ್ಚಿಕೊಂಡವು.

ಕರೆದವರು ಯೊರ್ದಾನಾ ಅಜ್ಜಿ ಒಬ್ಬರೇ. ಹೌದಮ್ಮಾ, ಗ್ಲಾವೆವ್ ಕೊನೆಗೆ ಕೊಂದ ವೆಸೆಲಾಳ ತಾಯಿ. ಮುಖಕ್ಕೆ ಉಗಿಯಲು ಕರೆದಿರಬೇಕು ಎಂದುಕೊಂಡೇ ಹೋದೆ. ಅಜ್ಜಿ ಗೋಧಿ ಎರಚಿದರು, ಕುಂಬಳಕಾಯಿ ರೊಟ್ಟಿ ಬಡಿಸಿದರು. ಆಮೇಲೆ, ನಿಮ್ಮ ಚಿತ್ರದಲ್ಲಿ ಅವನಿಗೆ ಬಾಗಿಲು ತೆಗೆಯುವುದು ಯಾರು ಎಂದು ಕೇಳಿದರು. ವೆಸೆಲಾ ಎಂದೆ. ಗುರುತಿಲ್ಲದವನನ್ನು ಒಳಗೆ ಬಿಟ್ಟುಕೊಂಡ ಹುಡುಗಿ ಎಂದೇ ಅಲ್ಲವೇ ಊರೂ ಇಷ್ಟು ವರ್ಷ ಆಡಿಕೊಂಡದ್ದು?

"ಅವಳಲ್ಲ ಕಣಪ್ಪಾ, ನಾನು. ಇದೇ ಹಬ್ಬದ ದಿನ. ಮೊದಲು ಬಂದವರನ್ನ ಬಾಗಿಲಲ್ಲಿ ನಿಲ್ಲಿಸ್ತಾರಾ? ನಾನೇ ಕೂರ್ಸಿ, ವೈನ್ ತರೋಕೆ ಅಣ್ಣನ ಮನೆಗೆ ಹೋದೆ. ಎಷ್ಟು ಚೆನ್ನಾಗಿ ನಗ್ತಿದ್ದ ಗೊತ್ತಾ? ನೀನೂ ಹಾಗೇ ನಗು. ನೋಡ್ದೋರೆಲ್ಲ, ನಾವಾಗಿದ್ರೂ ಕರೀತಿದ್ವಿ ಅನ್ಬೇಕು."

ನಿರ್ದೇಶಕ ಕಮೆನ್‌ಗೆ ಹೇಳಿದೆ. ಬಾಗಿಲನ್ನು ತಾಯಿಯೇ ತೆಗೆಯಲಿ ಎಂದು ಒಪ್ಪಿದ. ಆದರೆ ನಗು ಬೇಡವಂತೆ, ಜನ ಬರುವುದು ರಾಕ್ಷಸನನ್ನು ನೋಡಲಂತೆ. ನಾಳೆಯೇ ಆ ದೃಶ್ಯ. ಅವನ ಮಾತು ಮೀರಿದರೆ ಪಾತ್ರ ಹೋಗಬಹುದು, ಮೀರದಿದ್ದರೆ ಅಜ್ಜಿಗೆ ಹೇಗೆ ಮುಖ ತೋರಿಸಲಿ?

ಮೈ ಬೆಚ್ಚಗಿಟ್ಟುಕೋ. ನಿನ್ನ ಮುದುಕಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಮಗ
ಲ್ಯುಬೆನ್

ಲಕೋಟೆ ಅಂಟಿಸುವ ಮುನ್ನ, ೨೨ರ ರಾತ್ರಿ: ಚಿತ್ರೀಕರಣ ಮುಗಿಸಿ ಈಗಷ್ಟೇ ಬಂದೆ. ಅಜ್ಜಿ ಹೇಳಿದ ಹಾಗೇ ನಕ್ಕುಬಿಟ್ಟೆ ಅಮ್ಮಾ. ತಾಯಿಯ ಪಾತ್ರದವಳು ಬಾಯಿ ತೆರೆಯುವ ಮೊದಲೇ, ನೋಡಲು ಬಂದು ಕ್ಯಾಮೆರಾ ಹಿಂದೆ ನಿಂತಿದ್ದ ಯೊರ್ದಾನಾ ಅಜ್ಜಿ "ಒಳಗೆ ಬಾಪ್ಪಾ" ಅಂದುಬಿಟ್ಟರು. ಆಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ನನಗೆ ನನ್ನ ಮೇಲೇ ಭಯವಾಗುತ್ತಿದೆ. ಉತ್ತರ ಬರೆಯುತ್ತಾ ಕೂರಬೇಡ, ಇದು ತಲುಪಿದ ಕೂಡಲೇ ಫೋನ್ ಮಾಡು.