ನಡುಹೊಳೆಗೆ ನಿಂತ ಕೋಲುಗಳು

ಮೇಲ್ದಂಡೆ, ಹುಮಾ ತಾಲೂಕು

ಲಿನ್‌ಶಾನ್ ಭಾವನವರಿಗೆ ಗುಯಿಫೆನ್ ಮಾಡುವ ನಮಸ್ಕಾರಗಳು.

ಹೆಪ್ಪುಗಟ್ಟಿದ ಹೊಳೆಯ ಮೇಲೆ ದಾರಿಗೆ ಗುರುತಿನ ಕೋಲು ನೆಡಲು, ಮಾವನವರ ಕಾಲದ ಹಾಗೆಯೇ, ಪಂಚಾಂಗದ ಮಹಾಹಿಮದ ದಿನ ಬೆಳಿಗ್ಗೆ ನಿಮ್ಮ ತಮ್ಮ ಹೊರಟರು.

"ಈ ವರ್ಷ ಚಳೀನೇ ಸರಿಯಾಗಿ ಬಿದ್ದಿಲ್ಲ, ನಾಲ್ಕು ದಿನ ತಡೀರಿ" ಎಂದೆ.

"ಅಪ್ಪ ಯಾವತ್ತಾದ್ರೂ ತಡೆದಿದ್ನಾ? ಹೊಳೆ ವಿಷಯ ನಂಗೆ ಬಿಡು, ನೀನು ಹೋಗಿ ಕೋಸಿಗೆ ಉಪ್ಪು ಹಾಕು" ಎಂದು ನಕ್ಕರು.

ಹೋಗಿ ಉಪ್ಪು ಹಾಕಿದೆ. ಕೋಲುಗಳ ಸಾಲು ನಡುಹೊಳೆಗೆ ನಿಂತಿತ್ತು. ಅಲ್ಲಿ ಮಂಜುಗಡ್ಡೆ ಒಡೆದಿತ್ತು.

ಮರುವಾರವೇ ಚಳಿ ಬಂತು. ಒಡೆದ ಜಾಗವೂ ಮುಚ್ಚಿಕೊಂಡು, ಈಗ ಅದರ ಮೇಲೆ ಲಾರಿಗಳು ಓಡಾಡುತ್ತಿವೆ. ಉಳಿದ ಕೋಲುಗಳನ್ನು ನಾನೇ ನೆಟ್ಟೆ.

ವಸಂತದಲ್ಲಿ ಗಡ್ಡೆಗಳು ಒಡೆದು ನಿಮ್ಮೂರಿನ ಕಡೆ ತೇಲಿ ಬರುವಾಗ ದಯವಿಟ್ಟು ದಡ ನೋಡುತ್ತಿರಿ. ಅವರ ಎಡಗಾಲಿನ ಬೂಟಿಗೆ ನಾನು ಹಾಕಿದ ಕೆಂಪು ತೇಪೆಯಿದೆ.

ಅತ್ತೆಗೆ ಇನ್ನೂ ಹೇಳಿಲ್ಲ. "ಚಂಗ್‌ಶಾನ್ ಎಲ್ಲೇ?" ಎಂದು ದಿನವೂ ಕೇಳುತ್ತಾರೆ. "ಅಣ್ಣನ ಊರಿಗೆ ಹೊರಟಿದ್ದಾರೆ ಅತ್ತೆ, ಹೊಳೆ ಕರಗಿದ ಮೇಲೆ ಸೇರ್ತಾರೆ" ಎನ್ನುತ್ತೇನೆ.

ಕಾಗದ ಬರೆಸಿ ಕೇಳಿದರೆ, ದಾರಿಯಲ್ಲಿದ್ದಾನೆ ಎಂದೇ ನೀವೂ ಬರೆಯಿರಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ
ಗುಯಿಫೆನ್