ಗಾದಿ ಅಜ್ಜನ ದನಿ

ಪಿ.ಜೆ. ಬಡಾವಣೆ, ದಾವಣಗೆರೆ
೧೭ ನವೆಂಬರ್ ೨೦೨೪, ಭಾನುವಾರ

ಗೆಳೆಯ ಅತೀಕನಿಗೆ, ಕಿರಣ್ ಬರೆಯುತ್ತಿರುವುದು.

ಫೋನ್ ಮಾಡಬಹುದಿತ್ತು. ಆದರೆ ನೀನು ಎತ್ತಿದ ಕೂಡಲೇ "ಊಟ ಆತೇನೋ" ಅಂತ ಕೇಳುತ್ತೀಯ. ಅದಾದ ಮೇಲೆ ನನ್ನ ಬಾಯಿಂದ ಏನೂ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಬಿಡಿಸಿ ಬರೆದಿದ್ದೇನೆ, ನಿಮ್ಮ ಅಮ್ಮಿಗೆ ಓದಿ ಹೇಳಲು ಅನುಕೂಲವಾಗಲಿ ಎಂದು. ಹೇಳಬೇಕೋ ಬೇಡವೋ, ಓದಿದ ಮೇಲೆ ನೀನೇ ತೀರ್ಮಾನಿಸು.

ಹೋದ ವಾರ ನಿನ್ನ ಹೆಂಡತಿ ಆಮ್ನಾ ಕೂಸನ್ನು ಎತ್ತಿಕೊಂಡು ಹರಿಹರದಿಂದ ಬಂದಿದ್ದಳು. "ಅಣ್ಣಾ, ಅಬ್ಬಾ ನಿಮ್ಮ ಆಟಕ್ಕೆ ಮಾತಾಡಿದ್ರಲ್ಲ, ಅದನ್ನ ಫೋನಿಗೆ ಹಾಕಿಕೊಡ್ರಿ. ಅಮ್ಮಿ ಒಂದ್ಸಲ ಅವರ ದನಿ ಕೇಳಬೇಕಂತಾರೆ" ಎಂದಳು. ಹಾರ್ಡ್ ಡಿಸ್ಕ್ ಕೆಟ್ಟು ಎಲ್ಲ ಹೋಯಿತು ಎಂದುಬಿಟ್ಟೆ. ಸಂಜೆ ನೀನೇ ಫೋನ್ ಮಾಡಿದೆ. "ಹೋಗ್ಲಿ ಬಿಡೋ, ನೀನೇನ್ ಬೇಕಂತ ಮಾಡಿದ್ಯಾ. ಮನಸ್ಸಿಗೆ ಹಚ್ಕೋಬ್ಯಾಡ" ಎಂದೆ.

ಡಿಸ್ಕ್ ಕೆಟ್ಟಿರಲಿಲ್ಲ ಅತೀಕ್. ಅಳಿಸಿದವನು ನಾನು.

ಮೂರು ವರ್ಷ ನೀನು, ನಾನು, ಚಿತ್ರ ಬರೆಯುವ ರಶ್ಮಿತಾ, ಮೆಡಿಕಲ್ ಶಾಪ್ ಮೇಲಿನ ಈ ಒಂದೇ ಕೋಣೆಯಲ್ಲಿ ಕೂತು 'ಹೊಳೆಯೂರು' ಮಾಡಿದೆವಲ್ಲ, ಅದೆಂಥ ಕಂಪ್ಯೂಟರ್ ಆಟ ಎಂದು ಅಮ್ಮಿಗೆ ಹೀಗೆ ಹೇಳು: ಆಡುವವರು ಹೊನ್ನಿ ಎಂಬ ಹುಡುಗಿಯಾಗಿ ಇಡೀ ಊರನ್ನು ತಮಗೆ ಬೇಕಾದಂತೆ ಸುತ್ತಬಹುದು. ಹೊಳೆ ಉಕ್ಕಿ ಅವಳ ತಂಗಿ ಕಾಣೆಯಾಗಿದ್ದಾಳೆ. ತಂಗಿಯನ್ನು ಹುಡುಕುವುದು ಮುಖ್ಯ ಕಥೆ. ಅದನ್ನು ಬರೆದವನು ನಾನು. ದಾರಿಯಲ್ಲಿ ಸಿಕ್ಕವರಿಗೆ ಹೊನ್ನಿ ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತಾಳೆ. ಎಲ್ಲರೂ ಅವನ್ನು ಸೈಡ್ ಕ್ವೆಸ್ಟ್ ಎಂದರೆ ನೀನು ಪಕ್ಕದ ಕಥೆ ಎನ್ನುತ್ತಿದ್ದೆ. ಅವೆಲ್ಲ ನಿನ್ನವು.

ನಮ್ಮ ಜಗಳವೆಲ್ಲ ಇದರದ್ದೇ. ತಂಗಿ ನೀರುಪಾಲಾಗಿರುವಾಗ ಯಾರದೋ ಮೇಕೆ ಹುಡುಕಿಕೊಡುತ್ತಾ ಕೂತರೆ ಆಡುವವರಿಗೆ ಅವಸರ ಹೇಗೆ ಉಳಿಯುತ್ತದೆ ಎಂದು ನಾನು ಕೇಳುತ್ತಿದ್ದೆ. ಊರಿನ ಜನ ಯಾರೆಂದೇ ಗೊತ್ತಿಲ್ಲದಿದ್ದರೆ ಹೊಳೆ ಕೊಚ್ಚಿಕೊಂಡು ಹೋದದ್ದು ಏನೆಂದು ಹೇಗೆ ತಿಳಿಯುತ್ತದೆ ಎಂದು ನೀನು. ಇಬ್ಬರದೂ ಸರಿಯೇ ಎಂದು ರಶ್ಮಿತಾ ಹೇಳಿದರೆ ಇಬ್ಬರೂ ಅವಳ ಮೇಲೇ ರೇಗುತ್ತಿದ್ದೆವು.

ಆಮೇಲೆ ನೀನು ಗಾದಿ ಅಜ್ಜನನ್ನು ಬರೆದೆ. ನೆರೆ ಇಳಿದ ಮೇಲೆ ಊರಿನ ಹಾಸಿಗೆಗಳೆಲ್ಲ ತೊಯ್ದಿವೆ, ಜನ ಬರಿ ನೆಲದ ಮೇಲೆ ಮಲಗಿದ್ದಾರೆ. ಹೊನ್ನಿ ಮನೆಮನೆಯಿಂದ ಹತ್ತಿ ತಂದುಕೊಡಬೇಕು, ಅಜ್ಜ ಗಾದಿ ಹೊಲಿಯುತ್ತಾ ಆ ಮನೆಯವರ ಸುದ್ದಿ ಹೇಳಬೇಕು. ದನಿ ಕೊಡಲು ನೀನು ನಿನ್ನ ಅಬ್ಬಾನನ್ನೇ ಕರೆತಂದೆ. ನಲವತ್ತು ವರ್ಷ ಹರಿಹರದಲ್ಲಿ ಗಾದಿ ಹೊಲಿದ ಚಾಂದ್ ಪಾಷಾ ಚಾಚಾ ನೀನು ಬರೆದ ಮಾತನ್ನು ಒಂದು ಸಲವೂ ಓದಲಿಲ್ಲ. ಕಣ್ಣು ಮುಚ್ಚಿ ತಮಗೆ ತೋಚಿದ್ದನ್ನೇ ಆಡಿದರು. ರಸ್ತೆಯ ಆಟೋ ಸದ್ದು ಒಳಗೆ ಬರುತ್ತದೆ ಎಂದು ನಾವು ಗೊಣಗಿದ್ದಕ್ಕೆ ಮುಂದಿನ ಭಾನುವಾರ ಎರಡು ಗಾದಿ ಬಸ್ಸಿನ ಮೇಲೆ ಹೇರಿಕೊಂಡು ಬಂದು ಗೋಡೆಗೆ ತೂಗುಹಾಕಿದರು. ಐದು ಭಾನುವಾರ ಬಂದರು.

ಜೂನ್‌ನಲ್ಲಿ ಆಮ್ನಾಳ ಹೆರಿಗೆಗೆಂದು ನೀನು ಅವಳ ತವರು ರಾಣೆಬೆನ್ನೂರಿಗೆ ಹೋದೆ. ಆ ಹನ್ನೆರಡು ದಿನದಲ್ಲೇ ನಾನು ಗಾದಿ ಅಜ್ಜನ ಕಥೆಯನ್ನು ಪೂರ್ತಿ ಕಿತ್ತೆ. ಮುಖ್ಯ ಕಥೆ ಸಡಿಲವಾಗುತ್ತದೆ, ಆಡುವವರು ಅಲ್ಲೇ ಕೂತುಬಿಡುತ್ತಾರೆ ಎಂದು ರಶ್ಮಿತಾಳಿಗೆ ಹೇಳಿದೆ. ನೀನು ವಾಪಸ್ ಬಂದಾಗ ಆಟವನ್ನು ಬಿಡುಗಡೆಗೆ ಕಳಿಸಿ ಆಗಿತ್ತು. ಮುಂದಿನ ಅಪ್‌ಡೇಟ್‌ನಲ್ಲಿ ಸೇರಿಸೋಣ, ದನಿ ಭದ್ರವಾಗಿದೆ ಎಂದೆ. ನೀನು ಎರಡು ದಿನ ಮಾತು ಬಿಟ್ಟೆ, ಮೂರನೇ ದಿನ ಚಹಾ ತಂದೆ. ಆದರೆ ಕಿತ್ತ ದಿನವೇ ನಾನು ಮೂಲ ರೆಕಾರ್ಡಿಂಗ್‌ಗಳನ್ನೂ ಅಳಿಸಿದ್ದೆ, ನಕಲನ್ನೂ ಅಳಿಸಿದ್ದೆ. ಮತ್ತೆ ಸೇರಿಸುವ ಮಾತೇ ಏಳಬಾರದು ಎಂದು.

ಇನ್ನು ಬರೆಯುವುದು ನಿನಗೆ ಗೊತ್ತಿಲ್ಲ.

ಆಗಸ್ಟ್ ಕೊನೆಯಲ್ಲಿ ಒಂದು ಬೆಳಿಗ್ಗೆ ಚಾಚಾ ಒಬ್ಬರೇ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. "ಆಟ ಬಂದೈತಂತೆ. ನನ್ನ ದನಿ ಹೆಂಗೆ ಕೇಳ್ತೈತೆ ನೋಡಾಣಂತ ಬಂದೆ" ಎಂದರು. ಕಂಪ್ಯೂಟರ್ ಮುಂದೆ ಕೂರಿಸಿ ಆಟ ತೆರೆದೆ. ಅವರು ದಾರಿ ಹೇಳಿದರು, ನಾನು ಕೀಲಿ ಒತ್ತಿದೆ. "ಎಡಕ್ಕೆ ಹೋಗು. ಬೇವಿನ ಮರ ದಾಟು. ಅಲ್ಲೇ ನನ್ನ ಅಂಗಡಿ." ಅಂಗಡಿ ಮುಚ್ಚಿತ್ತು. ಮುಂದೆ ಎರಡು ಮೇಕೆ ಕಟ್ಟಿಹಾಕಿತ್ತು. ಜಾಗ ಬಿಕೋ ಎನ್ನುತ್ತದೆ ಎಂದು ರಶ್ಮಿತಾ ಇಟ್ಟಿದ್ದಳು.

"ಬಾಗಿಲು ಬಡಿ" ಎಂದರು. ಬಡಿದೆ. "ಇನ್ನೊಂದ್ಸಲ ಬಡಿ, ಮುದುಕನಿಗೆ ಕಿವಿ ಕೇಳಂಗಿಲ್ಲೇನೋ" ಎಂದು ನಕ್ಕರು. ಮತ್ತೆ ಬಡಿದೆ. ಆಮೇಲೆ ಅವರು ಪರದೆ ಬಿಟ್ಟು ನನ್ನ ಮುಖ ನೋಡಿದರು.

"ತೆಗೆದ್ಯಾ ಬೇಟಾ?"

"ಹೂಂ ಚಾಚಾ. ಕಥೆ ಭಾಳ ಉದ್ದ ಆಗಿತ್ತು."

"ಇರ್ಲಿ. ಆ ತಂಗಿ ಸಿಕ್ಕಳೇನು?"

"ಕೊನೆಗೆ ಸಿಗ್ತಾಳೆ."

"ತೋರ್ಸು ಮತ್ತೆ. ಇಷ್ಟು ದೂರ ಬಂದೀನಿ."

ಮಧ್ಯಾಹ್ನ ಎರಡರ ತನಕ ಕೂತು ಕೊನೆಯವರೆಗೂ ನೋಡಿದರು. ತಂಗಿ ಸಿಕ್ಕಾಗ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು. ಊಟಕ್ಕೆ ಎಷ್ಟು ಕರೆದರೂ ಒಪ್ಪಲಿಲ್ಲ. ಮೆಟ್ಟಿಲ ಹತ್ತಿರ ನಿಂತು ಹೇಳಿದರು: "ನಾನು ಬಂದಿದ್ದು ಅತೀಕನಿಗೆ ಹೇಳಬ್ಯಾಡ, ನೊಂದ್ಕೊಂತಾನೆ. ದನಿ ಮಾತ್ರ ಜೋಪಾನ ಇಟ್ಟಿರು. ಮೊಮ್ಮಗಳು ದೊಡ್ಡಾಕಿ ಆದ್ಮೇಲೆ ಕೇಳ್ಲಿ."

"ಇಟ್ಟೀನಿ ಚಾಚಾ" ಎಂದೆ. ಅಳಿಸಿ ಆಗಲೇ ಎರಡು ತಿಂಗಳಾಗಿತ್ತು.

ಅದಾಗಿ ಹನ್ನೆರಡನೇ ದಿನ ಅವರ ಎದೆಬಡಿತ ನಿಂತಿತು. ಮಣ್ಣಿಗೆ ನಾನು ಬಂದಿದ್ದೆ. ಹಿಂದೆ ನಿಂತಿದ್ದವನನ್ನು ನೀನು ತೋಳು ಹಿಡಿದು ಮುಂದೆ ಕರೆದೆ, ಮನೆಯವನ ಹಾಗೆ. ಆವತ್ತೇ ಹೇಳಬೇಕಿತ್ತು.

ಆಮ್ನಾ ಬಂದು ಹೋದ ಮರುದಿನ ಡಿಸ್ಕ್ ಒಯ್ದು ಅಂಜನ್ ಕುಮಾರ್‌ಗೆ ಕೊಟ್ಟೆ. ಅಳಿಸಿದ್ದನ್ನು ತೆಗೆದುಕೊಡುವುದೇ ಅವನ ಕಸುಬು. ನಾಲ್ಕು ದಿನ ಇಟ್ಟುಕೊಂಡ. "ಇದರ ಮೇಲೆ ಬೇರೆ ಫೈಲ್ ಕೂತಾವೆ ಸರ್, ಏನೂ ಉಳಿದಿಲ್ಲ" ಎಂದ. ರಶ್ಮಿತಾಳ ಫೋನು, ನನ್ನ ಹಳೆಯ ಲ್ಯಾಪ್‌ಟಾಪು, ಎಲ್ಲ ಜಾಲಾಡಿದೆ. ಅಮ್ಮಿಗೆ ಕೇಳಿಸಲು ನನ್ನ ಹತ್ತಿರ ಒಂದು ಕೆಮ್ಮೂ ಇಲ್ಲ.

ನೀನು ಈಗ ಚಾಚಾನ ಅಂಗಡಿಯಲ್ಲಿ ಕೂರುತ್ತೀಯಂತೆ. ಮತ್ತೆ ಬಂದು ನನ್ನೊಡನೆ ಕೂತು ಬರೆ ಎಂದು ಕೇಳುವ ಮುಖ ನನಗಿಲ್ಲ. ಡಿಸ್ಕ್ ಕೆಟ್ಟಿದೆ ಎಂದುಕೊಂಡು ನೀನು ನನ್ನನ್ನು ಸಮಾಧಾನ ಮಾಡಿದೆಯಲ್ಲ, ಆ ಮಾತನ್ನು ವಾಪಸ್ ತೆಗೆದುಕೋ. ಅದು ನನಗೆ ಸಲ್ಲಬೇಕಾದದ್ದಲ್ಲ.

ಅಮ್ಮಿಗೆ ನನ್ನ ಸಲಾಂ ಹೇಳು, ಹೇಳಬೇಕೆನಿಸಿದರೆ.

ನಿನ್ನ
ಬಸವಕಿರಣ್

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿಸಿದ್ದು: ಕಥೆ ಸಡಿಲವಾಗುತ್ತದೆಂದು ಕಿತ್ತೆ ಎಂದೆನಲ್ಲ, ಅದೂ ಸುಳ್ಳು. ಮೇ ತಿಂಗಳಲ್ಲಿ ನೀನಿಲ್ಲದ ದಿನ ಒಂಬತ್ತು ಜನರನ್ನು ಕರೆಸಿ ಆಟ ಆಡಿಸಿ, ಯಾವುದು ಮನಸ್ಸಿನಲ್ಲಿ ಉಳಿಯಿತು ಎಂದು ಬರೆಸಿಕೊಂಡಿದ್ದೆ. ಆ ಹಾಳೆಗಳನ್ನು ಯಾರಿಗೂ ತೋರಿಸಿರಲಿಲ್ಲ. ಇದರ ಜೊತೆ ಇಟ್ಟಿದ್ದೇನೆ. ಎಂಟು ಜನ ಗಾದಿ ಅಜ್ಜ ಎಂದು ಬರೆದಿದ್ದಾರೆ. ಒಬ್ಬಳು ಏನೂ ಬರೆಯದೆ ಹಾಳೆ ಕೊಟ್ಟಳು. ತಂಗಿಯ ಹೆಸರು ಒಬ್ಬರಿಗೂ ನೆನಪಿರಲಿಲ್ಲ. ನನ್ನ ಕಥೆ ಚೆನ್ನಾಗಿರಲಿಲ್ಲ, ಅತೀಕ್. ಅಷ್ಟೇ ಕಾರಣ.